ಬಾಯಿಗಿಡದ ತುತ್ತು

"ಬುದ್ಧೀ, ಮಕ್ಕಳಿಗೆ ಒಳ್ಳೇದನ್ನ ಎಷ್ಟು ಹೇಳಿಕೊಟ್ಟರೂ ಯಾಕೆ ಹತ್ತೋದಿಲ್ಲ?"

ಕೇಳಿದವನು ಪಂಚಾಕ್ಷರಿ. ಅವನು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಶುಕ್ರವಾರದ ಕೊನೆಯ ತರಗತಿ ಮೌಲ್ಯ ಶಿಕ್ಷಣದ್ದು, ಅದೂ ಅವನದೇ. ಒಂದು ವಾರ ಸತ್ಯ, ಒಂದು ವಾರ ಸಮಾನತೆ, ಒಂದು ವಾರ ಊರಿನ ಸ್ವತ್ತನ್ನು ಕಾಪಾಡುವುದು, ಹೀಗೆ ವರ್ಷಕ್ಕಾಗುವಷ್ಟು ಪಾಠಗಳಿದ್ದವು. ಮಕ್ಕಳು ಬಾಯಿಪಾಠ ಮಾಡಿ ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಗಂಟೆ ಹೊಡೆದ ಮೇಲೆ ಹೊರಗೆ ಹೋಗಿ ನಲ್ಲಿ ಮುರಿಯುತ್ತಿದ್ದರು, ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಕದಿಯುತ್ತಿದ್ದರು, ಕೇಳಿದರೆ ನಾನಲ್ಲ ಎನ್ನುತ್ತಿದ್ದರು. ಪಂಚಾಕ್ಷರಿಗೆ ಸಾಕಾಗಿ ಹೋಗಿತ್ತು.

"ಪುಸ್ತಕ ಬದಲಾಯಿಸಿದೆ. ಚಿತ್ರ ತೋರಿಸಿದೆ. ಬೈದೆ, ಬೆತ್ತವನ್ನೂ ಹಿಡಿದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡ್ತಾರೆ. ಈ ಮಕ್ಕಳಿಗೆ ಕಲಿಯೋ ಮನಸ್ಸೇ ಇಲ್ಲ" ಎಂದ.

ಮಠದ ಗುರುಗಳಿಗೆ ಎಂಬತ್ತು ದಾಟಿತ್ತು. ಸಮಾಧಾನ ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. ಸಮಾಧಾನ ಬೇಕಾದವರು ಬೇರೆ ಮಠಕ್ಕೆ ಹೋಗುತ್ತಿದ್ದರು.

"ಮಕ್ಕಳು ಕಲಿಯೋದಿಲ್ಲ ಅನ್ನೋದು ದೊಡ್ಡ ಮಾತು ಕಣಪ್ಪ. ಕೂತ್ಕೋ. ಚೆನ್ನಾಗಿ ಕಲಿತ ಮಕ್ಕಳದೊಂದು ಕತೆ ಇದೆ, ಹೇಳ್ತೀನಿ" ಎಂದರು.

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಎರಡು ಕೋಣೆಯ ಶಾಲೆ ಇತ್ತು. ನಲವತ್ತು ಮಕ್ಕಳು, ಒಬ್ಬನೇ ಉಪಾಧ್ಯಾಯ. ಉಪಾಧ್ಯಾಯ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಗಿಯುವ ಹೊತ್ತಿಗೆ ಅವನನ್ನು ಕೆಟ್ಟವನೆಂದು ಕರೆದು ಎದ್ದು ಹೋಗುವ ಆಸೆ ನಿನಗೆ ಬರುತ್ತದೆ. ಅವನು ಹೊತ್ತಿಗೆ ಸರಿಯಾಗಿ ಶಾಲೆಗೆ ಬರುತ್ತಿದ್ದ. ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಕಾಗುಣಿತ ಬಾರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿಸುತ್ತಿದ್ದ. ನೀತಿಪಾಠವೆಂದರೆ ಅವನಿಗೆ ಪಂಚಪ್ರಾಣ. ದಿನಾ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಕರಿಹಲಗೆಯ ಮೇಲೆ ಒಂದು ಒಳ್ಳೆಯ ಮಾತು ಬರೆಯುತ್ತಿದ್ದ. ಮಕ್ಕಳು ಅದನ್ನು ಒಕ್ಕೊರಲಿನಿಂದ ಮೂರು ಸಲ ಹೇಳಬೇಕು. ದಿನವೆಲ್ಲ ಅದರಂತೆ ನಡೆಯಬೇಕು.

ಆ ಶಾಲೆಗೆ ಬಿಸಿಯೂಟ ಮಾಡಲು ಹೊಸ ಅಡುಗೆಯವಳನ್ನು ನೇಮಿಸಿದರು. ಅವಳು ಊರಾಚೆಯ ಕೇರಿಯವಳು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು. ಸುದ್ದಿ ತಿಳಿದ ಕೂಡಲೇ ಊರು ಉರಿದುಬಿತ್ತು. ಅವಳು ಮುಟ್ಟಿದ ಅನ್ನವನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ತಂದೆತಾಯಿಗಳು ಹೇಳಿದರು. ಹದಿನೈದು ದಿನ ಅರ್ಧ ಶಾಲೆ ಖಾಲಿ ಇತ್ತು. ಬೇಯಿಸಿದ ಅನ್ನ ಪಾತ್ರೆಯಲ್ಲೇ ಹಳಸಿತು.

ಉಪಾಧ್ಯಾಯ ಮನೆಮನೆಗೆ ಹೋದ. ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಹೇಳಿದ. ಕಾನೂನು ಏನು ಹೇಳುತ್ತದೆ ಎಂದು ತಿಳಿಸಿದ. ಕೈಮುಗಿದು ಬೇಡಿದ. ಕೊನೆಗೆ ಹಿರಿಯರು ಸ್ವಲ್ಪ ಮೆತ್ತಗಾದರು, ಎರಡು ಕರಾರು ಹಾಕಿದರು. ಅಡುಗೆಯವಳು ಅಡುಗೆಯ ರುಚಿ ನೋಡಕೂಡದು. ಅವಳು ನಾಲಿಗೆಗೆ ಮುಟ್ಟಿಸಿದರೆ ಇಡೀ ಪಾತ್ರೆ ಎಂಜಲು. ಅದು ಒಂದು. ಅವಳ ಬದಲು ಉಪಾಧ್ಯಾಯನೇ ದಿನಾ ಮೊದಲು ರುಚಿ ನೋಡಬೇಕು. ಅದು ಇನ್ನೊಂದು.

"ಮೇಷ್ಟ್ರು ಬಾಯಿಗಿಟ್ರೆ ನಮ್ ಮಕ್ಳೂ ಉಣ್ತವೆ" ಎಂದರು.

ಉಪಾಧ್ಯಾಯ ಒಪ್ಪಿಕೊಂಡ. ಮೊದಲನೆಯ ಕರಾರು ಅವನಿಗೆ ಹಿಡಿಸಲಿಲ್ಲ. ಆದರೂ ಒಲೆ ಹೊತ್ತಿದರೆ ಸಾಕು, ಉಳಿದದ್ದು ಬರುತ್ತಾ ಬರುತ್ತಾ ಸರಿಹೋಗುತ್ತದೆ ಎಂದುಕೊಂಡ. ಒಳ್ಳೆಯವರು ಹೀಗೇ ಅಂದುಕೊಳ್ಳುತ್ತಾರೆ. ಎರಡನೆಯ ಕರಾರು ಹೊಸದೇನೂ ಅಲ್ಲ. ರುಚಿ ನೋಡಿ ಬರೆಯುವ ಪುಸ್ತಕವೊಂದು ಶಾಲೆಯಲ್ಲಿ ಮೊದಲಿಂದಲೂ ಇತ್ತು. ಮಕ್ಕಳಿಗೆ ಬಡಿಸುವ ಮುಂಚೆ ಉಪಾಧ್ಯಾಯ ಒಂದು ತುತ್ತು ತಿಂದು, ಹೇಗಿದೆ ಎಂದು ಅದರಲ್ಲಿ ಬರೆದು ಸಹಿ ಹಾಕಬೇಕು.

ಮೊದಲನೆಯ ದಿನ ಶಾಲೆಯ ಅಂಗಳದಲ್ಲಿ ಊರೇ ನಿಂತಿತ್ತು. ಉಪಾಧ್ಯಾಯ ಎಲ್ಲರ ಎದುರಿಗೆ ಒಂದು ತುತ್ತು ಬಾಯಿಗಿಟ್ಟ. ಅಗಿದ, ನುಂಗಿದ, ಚೆನ್ನಾಗಿದೆ ಎಂದ. ಮಕ್ಕಳು ಉಂಡರು. ಅಡುಗೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಊರಿನ ದೊಡ್ಡ ಮನೆತನದವನು. ಅಂಥ ಮನೆಯವರು ಅವಳ ಕೈಯಡುಗೆ ಉಂಡದ್ದನ್ನು ಅವಳ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

ಸಂಜೆ ಉಪಾಧ್ಯಾಯ ಮನೆಗೆ ಹೋದ. ಕಾಲು ತೊಳೆದುಕೊಂಡು ಒಳಗೆ ಬಂದ ಮೇಲೆ ಅವನ ತಾಯಿ ಒಂದೇ ಮಾತು ಹೇಳಿದಳು.

"ಏನೋ ಒಂದಿನಕ್ಕೆ ಆಯ್ತು ಬಿಡಪ್ಪ. ದಿನಾ ಬ್ಯಾಡ."

ಎರಡನೆಯ ದಿನ ತಟ್ಟೆ ಅವನ ಕೋಣೆಗೆ ಬಂತು. ನೋಡುವವರು ಯಾರೂ ಇರಲಿಲ್ಲ.

ತಟ್ಟೆ ತಂದವಳು ಅಡುಗೆಯವಳ ಮಗಳು. ಅದೇ ಶಾಲೆಯಲ್ಲಿ ಮೂರನೆಯ ತರಗತಿ. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೋದಳು. ಉಪಾಧ್ಯಾಯ ಸ್ವಲ್ಪ ಹೊತ್ತು ತಟ್ಟೆಯನ್ನು ನೋಡಿದ. ಅವನಿಗೆ ಅಸಹ್ಯವಾಗಲಿಲ್ಲ. ಹೇಳಿಕೊಳ್ಳುವಂಥ ದ್ವೇಷವೂ ಅವನಲ್ಲಿ ಇರಲಿಲ್ಲ. ಕೈ ಮಾತ್ರ ಮುಂದೆ ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ, ನಾಳೆ ತಿಂದರಾಯಿತು ಎಂದುಕೊಂಡ. ಪುಸ್ತಕ ತೆಗೆದು 'ರುಚಿ ನೋಡಿದೆ. ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿದ. ತಟ್ಟೆಯಲ್ಲಿ ಇದ್ದದ್ದನ್ನು ಹಿಂದಿನ ಕಿಟಕಿಯಿಂದ ಹೊರಗೆ ಸುರಿದ. ಅಲ್ಲೊಂದು ನಾಯಿ ಮಲಗಿತ್ತು, ಅದು ಎದ್ದು ಬಂದು ತಿಂದಿತು. ಆಮೇಲೆ ಅವನು ಮನೆಯಿಂದ ತಂದ ಬುತ್ತಿ ಬಿಚ್ಚಿದ.

ಮೂರನೆಯ ದಿನವೂ ಹೊಟ್ಟೆ ಸರಿಯಿರಲಿಲ್ಲ. ಹೀಗೆ ಎರಡು ವರ್ಷ ಅವನ ಹೊಟ್ಟೆ ಸರಿಹೋಗಲಿಲ್ಲ.

ಈಗ ಅಡುಗೆಯವಳ ಪಾಡು ಕೇಳು. ನಲವತ್ತು ಮಕ್ಕಳಿಗೆ ಬೇಯಿಸಬೇಕು, ನಾಲಿಗೆಗೆ ಮುಟ್ಟಿಸಬಾರದು. ಬಡಿಸಿ ಮುಗಿದ ಮೇಲೆ ಪಾತ್ರೆಯಲ್ಲಿ ಅವಳಿಗೆಂದು ಏನೂ ಮಿಗುತ್ತಿರಲಿಲ್ಲ. ಮೂಗಿಗೆ ಬಂದ ವಾಸನೆಯನ್ನು ನಂಬಿ, ಕೈಯಳತೆಯಲ್ಲಿ ಉಪ್ಪು ಹಾಕಿ, ಅಂದಾಜಿನ ಮೇಲೆ ಅವಳು ಅಡುಗೆ ಮಾಡುತ್ತಿದ್ದಳು. ಮಕ್ಕಳನ್ನು ಕೇಳಿದರೆ ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಿದ್ದರು. ಅನ್ನವನ್ನು ಹಳಿಯಬಾರದು ಎಂದು ಅವರಿಗೆ ಪಾಠವಾಗಿತ್ತು. ಅವಳಿಗೆ ಇದ್ದ ನಾಲಿಗೆ ಒಂದೇ, ಉಪಾಧ್ಯಾಯನದು. ಅವನೆದುರು ನಿಂತು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಅದಕ್ಕೆ ದಿನಾ ಸಂಜೆ ಮಗಳನ್ನು ಕೇಳುತ್ತಿದ್ದಳು.

"ಮೇಷ್ಟ್ರು ಏನಂದ್ರವ್ವ? ಉಪ್ಪು ಖಾರ ಸರಿಯಿತ್ತಂತಾ?"

ಮಗಳಿಗೆ ಮೊದಲ ವಾರದಲ್ಲೇ ಎಲ್ಲ ಗೊತ್ತಾಗಿತ್ತು. ಖಾಲಿ ತಟ್ಟೆ ತರಲು ಹೋದಾಗ, ಕಿಟಕಿಯ ಹತ್ತಿರ ತಟ್ಟೆ ಬಗ್ಗಿಸಿಕೊಂಡು ನಿಂತಿದ್ದ ಅವನ ಬೆನ್ನು ಕಂಡಿತ್ತು. ಅವಳು ಸದ್ದು ಮಾಡದೆ ಬಾಗಿಲಿಂದಲೇ ತಿರುಗಿ ಹೋದಳು. ತಾಯಿಗೆ ಹೇಳಲಿಲ್ಲ. ಮೇಷ್ಟ್ರು ದಿನಾ ನನ್ನ ಕೈಯಡುಗೆ ಉಣ್ಣುತ್ತಾರೆ ಎಂದು ತಾಯಿ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಆ ಮಾತು ಹೇಳುವಾಗ ತಾಯಿಯ ಮುಖ ಎಷ್ಟು ಅರಳುತ್ತಿತ್ತು ಎಂಬುದನ್ನು ಮಗಳು ನೋಡಿದ್ದಳು. ಆದ್ದರಿಂದ "ಚೆನ್ನಾಗಿತ್ತಂತೆ ಕಣವ್ವ" ಎಂದಳು.

ದಿನಾ ಅದನ್ನೇ ಹೇಳಿದರೆ ತಾಯಿ ನಂಬುವುದಿಲ್ಲ ಎಂದು ಬರಬರುತ್ತಾ ಬೇರೆ ಬೇರೆ ಹೇಳತೊಡಗಿದಳು. ಇವತ್ತು ಉಪ್ಪು ಒಂದು ಚೂರು ಕಮ್ಮಿ ಅಂದ್ರು. ಇವತ್ತು ಹುಳಿ ಮುಂದಾಯ್ತಂತೆ. ಇವತ್ತು ಇನ್ನೊಂದು ಸಲ ಹಾಕಿಸಿಕೊಂಡ್ರು. ಅವಳೂ ಅದೇ ಊಟ ಉಣ್ಣುತ್ತಿದ್ದಳಲ್ಲ, ತನಗೆ ಅನ್ನಿಸಿದ್ದನ್ನು ಮೇಷ್ಟ್ರ ಮಾತೆಂದು ಹೇಳುತ್ತಿದ್ದಳು. ತಾಯಿ ಮಾರನೆಯ ದಿನ ಆ ಮಾತಿನಂತೆ ಉಪ್ಪು ಹೆಚ್ಚಿಸುತ್ತಿದ್ದಳು, ಹುಳಿ ತಗ್ಗಿಸುತ್ತಿದ್ದಳು. ಎಂಟು ವರ್ಷದ ಹುಡುಗಿ. ಶಾಲೆಯಿಂದ ಮನೆ ಸೇರುವುದರೊಳಗೆ ಆ ದಿನದ ಸುಳ್ಳನ್ನು ಹೊಂದಿಸಿಕೊಳ್ಳಬೇಕಾಗಿತ್ತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಗೊತ್ತಿದ್ದದ್ದು ಅವಳೊಬ್ಬಳಿಗೇ ಅಲ್ಲ. ಊಟಕ್ಕೆ ಮುಂಚೆ ಮಕ್ಕಳು ಕೈ ತೊಳೆಯುವ ತೊಟ್ಟಿ ಆ ಕಿಟಕಿಯ ಹಿಂದೆಯೇ, ಒಳಗಿನವರಿಗೆ ಕಾಣದ ಮೂಲೆಯಲ್ಲಿ ಇತ್ತು. ನಲವತ್ತು ಮಕ್ಕಳೂ ನೋಡಿದ್ದರು. ಒಬ್ಬರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಅಪ್ಪ ಅವ್ವ ಶಾಲೆಯ ಊಟ ಬಿಡಿಸುತ್ತಾರೆ, ಬಿಸಿ ಅನ್ನ ತಪ್ಪುತ್ತದೆ. ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದು ನಂಬಿದ್ದವನು ಆ ಶಾಲೆಯಲ್ಲಿ ಉಪಾಧ್ಯಾಯನೊಬ್ಬನೇ. ಅವನು ಬೆಳಗ್ಗೆ ಕರಿಹಲಗೆಯ ಮೇಲೆ ಸತ್ಯವನ್ನು ಬರೆಯುತ್ತಿದ್ದ, ಮಧ್ಯಾಹ್ನ ಪುಸ್ತಕದಲ್ಲಿ ಸುಳ್ಳನ್ನು ಬರೆಯುತ್ತಿದ್ದ. ಅಕ್ಷರ ಎರಡರಲ್ಲೂ ದುಂಡಗಿತ್ತು.

ಹೀಗಿರುವಾಗ ಒಂದು ದಿನ ಒಬ್ಬ ರೈತ ಒಂದು ಮಂಕರಿ ಸೋರೆಕಾಯಿ ತಂದು ಶಾಲೆಗೆ ಕೊಟ್ಟ. ಬಳ್ಳಿ ಹುಲುಸಾಗಿ ಬಿಟ್ಟಿತ್ತು, ಮಕ್ಕಳು ಉಣ್ಣಲಿ ಎಂದು ಕೊಟ್ಟ. ಅವನ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಸೋರೆಕಾಯಿ ಹೆಚ್ಚುವವರು ಮೊದಲು ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ. ನನ್ನ ತಾಯಿ ನೋಡುತ್ತಿದ್ದಳು, ನಿನ್ನ ತಾಯಿಯೂ ನೋಡಿರುತ್ತಾಳೆ. ಒಮ್ಮೊಮ್ಮೆ ಒಂದು ಬಳ್ಳಿಯ ಕಾಯಿ ಕಹಿಯಾಗಿಬಿಡುತ್ತದೆ. ಆ ಕಹಿ ವಿಷ. ಅಡುಗೆಯವಳಿಗೂ ಇದು ಗೊತ್ತಿತ್ತು. ಅವಳು ಒಂದು ಹೋಳನ್ನು ಎತ್ತಿದಳು. ಬಾಯಿಯ ಹತ್ತಿರ ತಂದಳು. ಕರಾರು ನೆನಪಾಯಿತು. ಮೂಸಿ ನೋಡಿ ಕೆಳಗಿಟ್ಟಳು. ಹೇಗೂ ಮೇಷ್ಟ್ರು ನೋಡುತ್ತಾರಲ್ಲ ಎಂದುಕೊಂಡಳು.

ತಟ್ಟೆ ಕೋಣೆಗೆ ಹೋಯಿತು. ಉಪಾಧ್ಯಾಯ ಬರೆದ, ಸಹಿ ಹಾಕಿದ, ಸುರಿದ. ನಾಯಿ ಎದ್ದು ಬಂತು, ಮೂಸಿತು, ಬಿಟ್ಟು ಹೋಯಿತು. ಅವನು ಅದನ್ನು ನೋಡಿದ. ಎಲ್ಲೋ ಹೊಟ್ಟೆ ತುಂಬಿಸಿಕೊಂಡು ಬಂದಿದೆ ಎಂದುಕೊಂಡು ಬುತ್ತಿ ಬಿಚ್ಚಿದ.

ಅವತ್ತು ಕರಿಹಲಗೆಯ ಮೇಲೆ ಇದ್ದ ಮಾತು, ಅನ್ನವನ್ನು ಚೆಲ್ಲಬಾರದು.

ಮಕ್ಕಳು ಮೊದಲ ತುತ್ತಿಗೇ ಮುಖ ಕಿವುಚಿದರು. ಒಬ್ಬ ಹುಡುಗ ಎದ್ದು ನಿಂತು "ಕಹಿ ಐತೆ ಸಾ" ಎಂದ. ಉಪಾಧ್ಯಾಯ ಕೋಣೆಯಿಂದ ಹೊರಗೆ ಬಂದ.

"ಬೆಳಗ್ಗೆ ಏನು ಹೇಳಿಕೊಟ್ಟೆ?" ಎಂದ.

ಹುಡುಗ ಕರಿಹಲಗೆಯನ್ನು ನೋಡಿ ಕೂತುಕೊಂಡ. ನಲವತ್ತು ಮಕ್ಕಳೂ ತಲೆ ತಗ್ಗಿಸಿ, ತುತ್ತಿಗೊಂದು ಗುಟುಕು ನೀರು ಕುಡಿದು ತಟ್ಟೆ ಖಾಲಿ ಮಾಡಿದರು. ಒಂದು ಅಗುಳೂ ಕೆಳಗೆ ಬೀಳಲಿಲ್ಲ. ನೀನು ಯಾವ ಪುಸ್ತಕ ಹಿಡಿದು ಪಾಠ ಮಾಡಿದರೂ ಅಷ್ಟು ಚೆನ್ನಾಗಿ ಪಾಲಿಸುವ ಮಕ್ಕಳು ನಿನಗೆ ಸಿಗುವುದಿಲ್ಲ.

ಮೂರು ಗಂಟೆಯ ಹೊತ್ತಿಗೆ ವಾಂತಿ ಶುರುವಾಯಿತು. ಚಿಕ್ಕವರು ಮೊದಲು ಬಿದ್ದರು. ಇಪ್ಪತ್ತೇಳು ಮಕ್ಕಳನ್ನು ಟೆಂಪೊದಲ್ಲಿ ಹಾಕಿಕೊಂಡು ತಾಲೂಕಿನ ಆಸ್ಪತ್ರೆಗೆ ಓಡಿದರು. ಉಪಾಧ್ಯಾಯ ಎರಡು ದಿನ ಅಲ್ಲಿಂದ ಕದಲಲಿಲ್ಲ. ಮಕ್ಕಳ ವಾಂತಿಯನ್ನು ತನ್ನ ಕೈಯಿಂದ ಬಳಿದ, ಒದ್ದೆ ಬಟ್ಟೆ ಹಿಂಡಿ ಹಣೆಯ ಮೇಲಿಟ್ಟ. ಅವನು ಕೆಟ್ಟವನಲ್ಲ ಎಂದೆನಲ್ಲ. ಅಡುಗೆಯವಳ ಮಗಳೂ ಆ ಮಕ್ಕಳ ನಡುವೆ ಮಲಗಿದ್ದಳು. ಅಡುಗೆಯವಳನ್ನು ಮಾತ್ರ ಊರಿನವರು ಒಳಗೆ ಬಿಡಲಿಲ್ಲ. ಅವಳು ಎರಡು ದಿನ ಗೇಟಿನ ಹೊರಗೆ ಕೂತಿದ್ದಳು. ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ಮೂರನೆಯ ದಿನ ಎಲ್ಲ ಮಕ್ಕಳೂ ಮನೆಗೆ ಬಂದರು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ನ್ಯಾಯವಂತ, ಸಂಯಮದವನು. ರುಚಿ ನೋಡುವ ಪುಸ್ತಕವನ್ನು ತರಿಸಿದ. ಆ ದಿನದ ತಾರೀಖಿನ ಮುಂದೆ ಎಂದಿನ ಹಾಗೆ ಬರೆದಿತ್ತು. ಅಡುಗೆಯವಳನ್ನು ಕರೆದು ಕೇಳಿದ. ಸೋರೆಕಾಯಿ ಕಹಿ ಇದ್ದಿರಬಹುದು ಎಂದು ಅವಳು ಕೈಮುಗಿದು ಹೇಳಿದಳು.

"ಕಾಯಿ ಕಹಿ ಇದ್ದಿದ್ರೆ ಮೇಷ್ಟ್ರ ಬಾಯಿಗೂ ಗೊತ್ತಾಗ್ತಿತ್ತಲ್ಲಮ್ಮ. ಅವರು ತಿಂದಾಗ ಚೆನ್ನಾಗಿತ್ತು, ಮಕ್ಕಳು ತಿಂದಾಗ ಕಹಿ. ನಡುವೆ ಪಾತ್ರೆ ಇದ್ದದ್ದು ನಿನ್ನ ಕೈಲಿ" ಎಂದ ಅಧಿಕಾರಿ.

ಮೇಷ್ಟ್ರು ತಿಂದೇ ಇಲ್ಲದಿರಬಹುದು ಎಂಬ ಯೋಚನೆ ಅವಳ ತಲೆಗೆ ಬರಲಿಲ್ಲ.

ಎಲ್ಲವೂ ಆ ಒಂದು ತುತ್ತಿನ ಮೇಲೆ ನಿಂತಿತ್ತು. ಉಪಾಧ್ಯಾಯ ಅದನ್ನು ತಿಂದಿದ್ದರೆ ಅಡುಗೆಯವಳ ಕೆಲಸ ಹೋಗುತ್ತದೆ. ತಿಂದಿಲ್ಲದಿದ್ದರೆ ಅವನ ಕೆಲಸ ಹೋಗುತ್ತದೆ. ಅಧಿಕಾರಿ ಅವನ ಕಡೆ ತಿರುಗಿ "ರುಚಿ ನೋಡಿದ್ರಾ ಮೇಷ್ಟ್ರೇ?" ಎಂದು ಕೇಳಿದ.

"ಪುಸ್ತಕದಲ್ಲಿ ಬರೆದಿದೆಯಲ್ಲ ಸಾರ್" ಎಂದ ಉಪಾಧ್ಯಾಯ.

ಅದು ಸುಳ್ಳಲ್ಲ ನೋಡು. ನೀತಿಪಾಠ ಹೇಳಿ ಅಭ್ಯಾಸವಾದವರಿಗೆ ಇಂಥ ಮಾತು ಬೇಗ ಸಿಗುತ್ತದೆ. ಅಧಿಕಾರಿಗೆ ಅಷ್ಟು ಸಾಲದಾಯಿತು. ದೊಡ್ಡವರನ್ನು ಕೇಳಿ ಪ್ರಯೋಜನವಿಲ್ಲ, ಮಕ್ಕಳು ಸುಳ್ಳು ಹೇಳುವುದಿಲ್ಲ, ನಾಳೆ ಬಂದು ಅವರನ್ನೇ ಕೇಳುತ್ತೇನೆ ಎಂದು ಹೇಳಿ ಹೋದ.

ಉಪಾಧ್ಯಾಯ ಮನೆಗೆ ನಡೆಯುತ್ತಾ ಯೋಚಿಸಿದ. ಮಕ್ಕಳನ್ನು ಕರೆದು ಹೀಗೆ ಹೇಳಿ ಎಂದು ಹೇಳಿಕೊಡಲೇ ಎಂದು ಒಂದು ಸಲ ಅನ್ನಿಸಿತು. ಅಷ್ಟಕ್ಕೆ ಇಳಿಯಬಾರದು ಎಂದುಕೊಂಡ. ತಾನೇ ಅಧಿಕಾರಿಯ ಬಳಿ ಹೋಗಿ ಇದ್ದದ್ದನ್ನು ಹೇಳಿಬಿಡಲೇ ಎಂದೂ ಅನ್ನಿಸಿತು. ಊರಿನವರ ಮುಖ ಕಣ್ಣೆದುರು ಬಂತು, ಆ ಯೋಚನೆಯನ್ನು ಬಿಟ್ಟ. ಕೊನೆಗೆ ಒಂದು ದಾರಿ ಹೊಳೆಯಿತು. ಇಷ್ಟು ವರ್ಷ ಸತ್ಯದ ಪಾಠ ಹೇಳಿದ್ದೇನೆ, ನಲವತ್ತು ಮಕ್ಕಳಲ್ಲಿ ಒಂದಾದರೂ ನಿಜ ಹೇಳುತ್ತದೆ, ಅದು ಹೇಳಿದ ಕೂಡಲೇ ಹೌದೆಂದು ತಲೆಬಾಗುತ್ತೇನೆ. ಹೀಗೆಂದುಕೊಂಡ ಮೇಲೆ ಅವನ ಮನಸ್ಸು ಹಗುರಾಯಿತು. ಮಕ್ಕಳಿಗೆ ಗೊತ್ತಿಲ್ಲವೆಂದು ನಂಬಿದ್ದವನು, ಗೊತ್ತಿರಲಿ ಎಂದು ಈಗ ಬಯಸಿದ. ತಾನು ಹೊರಬೇಕಾದದ್ದನ್ನು ಮಕ್ಕಳ ತಲೆಯ ಮೇಲೆ ಇಟ್ಟಿದ್ದ. ಅದನ್ನು ಪ್ರಾಮಾಣಿಕತೆ ಎಂದು ತಿಳಿದಿದ್ದ.

ಮಾರನೆಯ ದಿನ ಅವನು ಕರಿಹಲಗೆಯ ಮೇಲೆ ಏನೂ ಬರೆಯಲಿಲ್ಲ. ಮಕ್ಕಳು ಸಾಲಾಗಿ ನಿಂತರು. ಅಡುಗೆಯವಳು ಬಾಗಿಲ ಹೊರಗೆ ನಿಂತಳು, ಅವಳ ಹಿಂದೆ ಅಂಗಳದಲ್ಲಿ ಊರಿನವರು ಸೇರಿದ್ದರು. ಅಧಿಕಾರಿ ಕುರ್ಚಿ ಬಿಟ್ಟು ಮಕ್ಕಳ ಎದುರಿಗೆ ನೆಲದ ಮೇಲೆ ಕೂತ.

"ಹೆದರ್ಕೋಬೇಡಿ ಮಕ್ಕಳೇ. ಯಾರೂ ಬೈಯೋದಿಲ್ಲ. ಅವತ್ತು ಮೇಷ್ಟ್ರು ಊಟದ ರುಚಿ ನೋಡಿದ್ರಾ?"

ನಲವತ್ತು ಮಕ್ಕಳು ಉಪಾಧ್ಯಾಯನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ. ಕಣ್ಣಿನಿಂದಾಗಲಿ ಕೈಯಿಂದಾಗಲಿ ಯಾವ ಸನ್ನೆಯನ್ನೂ ಮಾಡಲಿಲ್ಲ, ಅದನ್ನು ಅವನ ಪರವಾಗಿ ನಾನೇ ಹೇಳುತ್ತೇನೆ. ಮಕ್ಕಳಿಗೆ ಸನ್ನೆ ಬೇಕಾಗಿರಲಿಲ್ಲ.

"ನೋಡಿದ್ರು ಸಾ" ಎಂದರು. ಕಹಿ ಐತೆ ಎಂದಿದ್ದ ಹುಡುಗನೂ ಅವರ ಜೊತೆಗೆ ಹೇಳಿದ. ದನಿ ಒಂದೇ ಆಗಿತ್ತು. ಪ್ರಾರ್ಥನೆಯಾದ ಮೇಲೆ ಒಳ್ಳೆಯ ಮಾತು ಒಪ್ಪಿಸುವ ದನಿ ಅದೇ.

ಅಧಿಕಾರಿ ಅಡುಗೆಯವಳ ಮಗಳನ್ನು ಹತ್ತಿರ ಕರೆದ. ಅವಳಿಗೆ ಈಗ ಹತ್ತು ತುಂಬಿತ್ತು.

"ತಟ್ಟೆ ತಗೊಂಡು ಹೋಗ್ತಿದ್ದೋಳು ನೀನೇ ಅಲ್ವಾ? ನಿನ್ನ ಕಣ್ಣಾರೆ ನೋಡಿದ್ಯಾ, ಮೇಷ್ಟ್ರು ತಿಂದದ್ದನ್ನ?"

ಹುಡುಗಿ ಬಾಗಿಲ ಕಡೆ ನೋಡಿದಳು. ಇಲ್ಲ ಎಂದರೆ ತಾಯಿಯ ಕೆಲಸ ಉಳಿಯುತ್ತದೆ. ಇಲ್ಲ ಎಂದರೆ, ಎರಡು ವರ್ಷ ತನ್ನ ಅಡುಗೆಯನ್ನು ಉಂಡದ್ದು ನಾಯಿ ಎಂದು ತಾಯಿಗೆ ಗೊತ್ತಾಗುತ್ತದೆ. ಉಪ್ಪು ಕಮ್ಮಿ, ಹುಳಿ ಹೆಚ್ಚು ಎಂದು ಮೇಷ್ಟ್ರು ಒಂದು ದಿನವೂ ಹೇಳಲಿಲ್ಲ ಎಂದು ಗೊತ್ತಾಗುತ್ತದೆ. ಇಡೀ ಊರಿನ ಎದುರಿಗೆ ಗೊತ್ತಾಗುತ್ತದೆ. ಎರಡರಲ್ಲಿ ಒಂದನ್ನು ಆ ಮಗು ಆರಿಸಬೇಕಾಗಿತ್ತು. ಪಕ್ಕದಲ್ಲಿ ನಲವತ್ತೈದು ವರ್ಷದ ಗಂಡಸೊಬ್ಬ ನೆಲ ನೋಡುತ್ತಾ ನಿಂತಿದ್ದ.

"ತಿಂದ್ರು ಸಾ. ಚೆನ್ನಾಗೈತೆ ಅಂದ್ರು" ಎಂದಳು.

ಬಾಗಿಲಲ್ಲಿ ನಿಂತಿದ್ದ ತಾಯಿ ನಿಧಾನವಾಗಿ ತಲೆಯಾಡಿಸಿದಳು. ಮೇಷ್ಟ್ರು ತಿಂದಾಗ ಚೆನ್ನಾಗಿದ್ದದ್ದು ಆಮೇಲೆ ಕೆಟ್ಟಿತೆಂದರೆ ತನ್ನ ಕೈಯಿಂದಲೇ ಏನೋ ಆಗಿರಬೇಕು ಎಂದು ಅವಳೂ ನಂಬಿದಳು.

ಆಗಲೂ ಉಪಾಧ್ಯಾಯ ಮಾತಾಡಬಹುದಿತ್ತು. ಒಂದು ಮಾತು ಸಾಕಿತ್ತು. ಹೇಳಲೆಂದು ತಲೆಯನ್ನೂ ಎತ್ತಿದ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಈಗ ನಾನು ನಿಜ ಹೇಳಿದರೆ ಈ ನಲವತ್ತು ಮಕ್ಕಳೂ ಸುಳ್ಳರಾಗುತ್ತಾರೆ, ಅವರ ಮಾನ ಉಳಿಸಬೇಕಾದವನು ನಾನು. ಅವನು ಬಾಯಿ ಮುಚ್ಚಿಕೊಂಡ. ಮಕ್ಕಳಿಗೋಸ್ಕರ.

ಅಧಿಕಾರಿ ವರದಿ ಬರೆದ. ಅಡುಗೆಯವಳ ಅಜಾಗರೂಕತೆ ಎಂದು ಬರೆದ. ಈ ಶಾಲೆಯ ಮಕ್ಕಳು ಶಿಸ್ತಿನವರು, ಸತ್ಯವಂತರು, ಬೇರೆ ಶಾಲೆಗಳಿಗೆ ಮಾದರಿ ಎಂದೂ ಬರೆದ. ಅಡುಗೆಯವಳನ್ನು ತೆಗೆದರು. ನಾವು ಮೊದಲೇ ಹೇಳಿರಲಿಲ್ಲವೇ ಎಂದರು ಊರಿನವರು. ಒಂದು ವಾರದ ಮೇಲೆ ಆ ರೈತ ತನ್ನ ಮನೆಗೆಂದು ಅದೇ ಬಳ್ಳಿಯ ಕಾಯಿ ಕೊಯ್ದ. ಅವನ ಹೆಂಡತಿ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗುಳಿದಳು. ರೈತ ಬಳ್ಳಿಯನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಹಾಕಿದ. ಯಾರಿಗೂ ಹೇಳಲಿಲ್ಲ.

ಹೊಸದಾಗಿ ಬಂದ ಅಡುಗೆಯವಳು ಊರೊಳಗಿನವಳು. ಉಪಾಧ್ಯಾಯನ ಹೊಟ್ಟೆ ಆ ದಿನದಿಂದಲೇ ಸರಿಹೋಯಿತು.

ಕೆಲಸ ಕಳೆದುಕೊಂಡವಳು ದೂರದ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುವುದೆಂದು ತೀರ್ಮಾನ ಮಾಡಿದಳು. ಮಗಳು ಟಿಸಿ ತೆಗೆದುಕೊಳ್ಳಲು ಶಾಲೆಗೆ ಬಂದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಉಪಾಧ್ಯಾಯ ಕಾಗದಕ್ಕೆ ಸಹಿ ಹಾಕಿದ. ನಡತೆ ಎಂಬಲ್ಲಿ ಉತ್ತಮ ಎಂದು ಬರೆದ. ಕೊಡಲು ಹೋದವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅವನಿಗೆ ಕೇಳದೆ ಇರಲಾಗಲಿಲ್ಲ.

"ಅವ್ವನ ಕೆಲಸ ಹೋಗ್ತದೆ ಅಂತ ನಿನಗೆ ಗೊತ್ತಿತ್ತಲ್ಲವ್ವ. ಯಾಕೆ ಹಂಗಂದೆ?"

ಹುಡುಗಿ ಅವನ ಮುಖ ನೋಡಿದಳು. ಉತ್ತರ ಗೊತ್ತಿರುವವರೇ ಯಾಕೆ ಕೇಳುತ್ತಿದ್ದಾರೆ ಎಂದು ಅವಳಿಗೆ ತಿಳಿಯಲಿಲ್ಲ.

"ನೀವೂ ದಿನಾ ಹಂಗೇ ಬರೀತಿದ್ರಲ್ಲ ಸಾ" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಹೇಳುವಂತೆ ಹೇಳಿದಳು. ಕಾಗದ ತೆಗೆದುಕೊಂಡಳು. ಹಿರಿಯರಿಂದ ಬೀಳ್ಕೊಳ್ಳುವಾಗ ಹೇಗೆ ನಡೆದುಕೊಳ್ಳಬೇಕೆಂದು ಅವನೇ ಹೇಳಿಕೊಟ್ಟಿದ್ದ, ಹಾಗೆ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಪಂಚಾಕ್ಷರಿಗೆ ಮೈಯೆಲ್ಲ ಸಿಟ್ಟು ಬಂದಿತ್ತು. ಆ ಉಪಾಧ್ಯಾಯ ಎದುರಿಗೆ ಸಿಕ್ಕಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದ.

"ಅಂಥವರಿಂದಲೇ ಬುದ್ಧೀ, ಮಕ್ಕಳು ಹಾಳಾಗೋದು. ನಾನು ಅಂಥ ಕೆಲಸ ಮಾಡಿದವನಲ್ಲ. ಹನ್ನೊಂದು ವರ್ಷ ಆಯ್ತು ಪಾಠ ಹೇಳೋಕೆ ಶುರುಮಾಡಿ. ನನ್ನ ಮೇಲೆ ಇವತ್ತಿನವರೆಗೆ ಒಂದು ಮಗುವೂ ಒಂದು ದೂರು ಹೇಳಿಲ್ಲ" ಎಂದ.

ಗುರುಗಳು ಹೇಳಿದರು:

"ಹಂಗಾದರೆ ನಿನಗೋಸ್ಕರ ಅವು ಏನನ್ನ ಮುಚ್ಚಿಟ್ಟಿವೆ ಅಂತ ಮೊದಲು ತಿಳ್ಕೊಂಡು ಬಾ."